ನಮ್ಮಪ್ಪ ಅಂಗಾಲಿಗೆ ಏನೂ ಹಚ್ಚಂಗಿಲ್ರೀ

ಕೊಪ್ಪಳದಿಂದ 20 ಕಿಲೋಮೀಟರ್ ದೂರದ ಒಂದು ಹಳ್ಳಿ. ಶನಿವಾರ, ಬೆಳಗಿನ ಶಾಲೆ. ಬೇವಿನ ಮರದ ಕೆಳಗೆ ಮಕ್ಕಳು ಸಾಲಾಗಿ ಕೂತಿದ್ದರು, ಹಿಂದೆ ಕಟ್ಟೆಯ ಮೇಲೆ ಊರಿನ ಹಿರಿಯರು. ನಮ್ಮ ವಿಚಾರವಾದಿ ಬಳಗದ ಐದು ಜನ ಹೋಗಿದ್ದೆವು. ಭಾನಾಮತಿ, ಮಾಟ ಅಂತ ಹೆದರಿಸಿ ದುಡ್ಡು ಕೀಳುವವರು ಏನೇನು ಕೈಚಳಕ ಮಾಡುತ್ತಾರೆ ಎಂದು ತೋರಿಸುವ ಕಾರ್ಯಕ್ರಮ.

ನಾನು ನಿಂಬೆಹಣ್ಣು ಕೊಯ್ದೆ. ಕೆಂಪು ರಸ ಇಳಿಯಿತು. ಮಕ್ಕಳು ಹೋ ಎಂದು ಕೂಗಿದರು. ಚಾಕುವಿಗೆ ಮೊದಲೇ ಕೆಂಪು ದಾಸವಾಳದ ಹೂವು ತಿಕ್ಕಿ ಒಣಗಿಸಿದ್ದೆ. ಆ ಹೂವಿನ ಬಣ್ಣಕ್ಕೆ ಹುಳಿ ತಾಗಿದರೆ ರಕ್ತದ ಹಾಗೆ ಕೆಂಪಾಗುತ್ತದೆ. ಒಬ್ಬ ಹುಡುಗನನ್ನು ಕರೆದು ಅವನ ಕೈಯಲ್ಲೇ ಮಾಡಿಸಿದೆ. ಆಮೇಲೆ ಬೆಂಕಿಕಡ್ಡಿ ಇಲ್ಲದೆ ಹೋಮ ಹೊತ್ತಿಸಿದೆವು. ಕಟ್ಟಿಗೆ ಚೂರುಗಳ ನಡುವೆ ಪೊಟ್ಯಾಸಿಯಂ ಪರ್ಮಾಂಗನೇಟ್ ಪುಡಿ ಇಟ್ಟಿದ್ದೆವು. ಮೇಲೆ ತುಪ್ಪ ಅಂತ ಹೇಳಿ ಸುರಿದಿದ್ದು ಗ್ಲಿಸರಿನ್. ಸುರಿದ ಕೂಡಲೇ ಏನೂ ಆಗುವುದಿಲ್ಲ. ಸ್ವಲ್ಪ ಹೊತ್ತು ತಡೆಯಬೇಕು. ಆ ಸ್ವಲ್ಪ ಹೊತ್ತಲ್ಲೇ ಮಂತ್ರ ಹೇಳುವುದು. ಆಮೇಲೆ ಧಗ್ಗನೆ ಹೊತ್ತಿಕೊಳ್ಳುತ್ತದೆ.

ಎಲ್ಲ ಚೆನ್ನಾಗಿಯೇ ನಡೆಯಿತು. ಕೊನೆಗೆ ಕಟ್ಟೆಯ ಮೇಲಿದ್ದ ಅಜ್ಜ ಒಬ್ಬರು ಕೇಳಿದರು. "ಇದೆಲ್ಲಾ ಖರೇ ಐತ್ರೀ. ಮತ್ತ ಅಲಾಯಿ ಕೆಂಡ ಹಾಯ್ತಾರಲ್ಲ, ಅದಕ್ಕೇನಂತೀರಿ?"

ಅಲಾಯಿ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಮೊಹರಂ ಇಡೀ ಊರಿನ ಹಬ್ಬ. ಮುಸ್ಲಿಮರ ಮನೆ ಒಂದೂ ಇಲ್ಲದ ಊರಲ್ಲೂ ಪೀರಲ ದೇವರನ್ನು ಕೂರಿಸುತ್ತಾರೆ. ಮಸೀದಿ ಮುಂದೆ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಅದೇ ಅಲಾಯಿ ಕುಣಿ. ಅದರ ಸುತ್ತ ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕುತ್ತಾರೆ. ದೇವರು ಹೊತ್ತವರು, ಹರಕೆ ಹೊತ್ತವರು ಕೆಂಡ ಹಾಯುತ್ತಾರೆ. ಮುದಗಲ್ಲಿನ ಮೊಹರಂ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಾನು ಸಿಂಧನೂರು ಕಡೆಯವಳು. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಅಲಾಯಿ ನೋಡಿದ್ದೇನೆ. ಮುಖಕ್ಕೆ ಬಡಿಯುತ್ತಿದ್ದ ಆ ಝಳ ಇನ್ನೂ ನೆನಪಿದೆ.

ಅಜ್ಜನ ಪ್ರಶ್ನೆಗೆ ನಮ್ಮ ಬಳಗದ ಹಿರಿಯರು ಎದ್ದು ನಿಂತರು. ರಿಟೈರ್ಡ್ ಹೆಡ್‌ಮಾಸ್ಟರ್. ನಾವೆಲ್ಲ ಮಾಸ್ತರ ಅಂತಲೇ ಕರೆಯುತ್ತೇವೆ. "ಅದ್ರಾಗೇನೈತ್ರೀ ಯಜಮಾನ್ರ, ಅಂಗಾಲಿಗೆ ಲೋಳೆಸರ ಹಚ್ಕೊಂಡಿರ್ತಾರ. ಅದಕ್ಕ ಸುಡಂಗಿಲ್ಲ" ಎಂದರು.

ನಮ್ಮ ಜೊತೆ ಒಬ್ಬ ಹುಡುಗಿ ಬಂದಿದ್ದಳು, ಬಿಎಸ್ಸಿ ಮೊದಲ ವರ್ಷ. ಚೀಲ ಹೊರುವುದು, ಬಾಟಲಿ ಜೋಡಿಸುವುದು ಅವಳ ಕೆಲಸ. ಮೆಲ್ಲಗೆ ಹೇಳಿದಳು. "ಸರ್, ನಮ್ಮಪ್ಪ ವರ್ಷಾ ಹಾಯ್ತಾರ. ನಮ್ಮಪ್ಪ ಅಂಗಾಲಿಗೆ ಏನೂ ಹಚ್ಚಂಗಿಲ್ರೀ."

"ನಿನಗ ಗೊತ್ತಾಗ್ದಂಗ ಹಚ್ಚಿರ್ತಾರವಾ."

"ಕಾಲಿಗೆ ನೀರು ಹಾಕಿ ತೊಳಿಯೋದು ನಾನೇ ಸರ್. ಕಾಲು ತೊಳಕೊಂಡು ಸೀದಾ ಹೋಗ್ತಾರ."

ಕಟ್ಟೆಯ ಮೇಲಿದ್ದವರು ನಕ್ಕರು. ಮಾಸ್ತರ ಮುಖ ಕೆಂಪಾಯಿತು. ಬೇರೆ ಮಾತು ತೆಗೆದು ಕಾರ್ಯಕ್ರಮ ಮುಗಿಸಿದರು.

ವಾಪಸ್ ಬರುವಾಗ ಟಂಟಂ ಆಟೊದಲ್ಲಿ ಮಾಸ್ತರ ಸಿಟ್ಟು ಸ್ಫೋಟವಾಯಿತು. "ಮಂದಿ ಮುಂದ ಹಂಗ ಹೇಳೋದೇನು? ನೀ ನಮ್ಮ ಕಡೆ ಅದೀಯೋ, ಅವರ ಕಡೆ ಅದೀಯೋ?" ಹುಡುಗಿ ಕಿಟಕಿ ಕಡೆ ಮುಖ ಮಾಡಿ ಕೂತಳು. ಇನ್ನೊಬ್ಬರು ಮಾಸ್ತರಿಗೆ ದನಿಗೂಡಿಸಿದರು. ಮನೆಯಲ್ಲಿ ಕೆಂಡ ಹಾಯುವವರು ಇದ್ದರೆ ಇಂಥ ಕೆಲಸಕ್ಕೆ ಬರಬಾರದು ಎಂದರು. ನಾನು ಸುಮ್ನೆ ಇದ್ದೆ. ಏಳನೇ ತರಗತಿಗೆ ಉಷ್ಣದ ಪಾಠ ಮಾಡುವವಳು ನಾನು. ಹುಡುಗಿ ಹೇಳಿದ್ದು ಸರಿ ಅಂತ ನನಗೆ ಗೊತ್ತಿತ್ತು. ಆದರೂ ಊರು ಬರುವ ತನಕ ಬಾಯಿ ಬಿಡಲಿಲ್ಲ. ಇದು ನನ್ನನ್ನು ಬಹಳ ದಿನ ಕಾಡಿದೆ.

ಕೆಂಡದ ವಿಷಯ ಹೇಳಿಬಿಡುತ್ತೇನೆ. ಹೊಳೆಯುವ ಕೆಂಡದ ಬಿಸಿ ಸುಲಭವಾಗಿ 500 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಅದರಲ್ಲಿ ಮೋಸ ಏನೂ ಇಲ್ಲ. ಆದರೆ ಒಂದು ವಸ್ತು ಎಷ್ಟು ಕಾದಿದೆ ಎನ್ನುವುದೇ ಬೇರೆ, ತನ್ನ ಕಾವನ್ನು ನಮ್ಮ ಚರ್ಮಕ್ಕೆ ಎಷ್ಟು ಬೇಗ ದಾಟಿಸುತ್ತದೆ ಎನ್ನುವುದೇ ಬೇರೆ. ಜೋಳದ ರೊಟ್ಟಿ ಮಾಡುವ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಂಚಿನ ಮೇಲಿನ ರೊಟ್ಟಿಯನ್ನು ನಾವು ಬರಿಗೈಯಲ್ಲಿ ತಿರುವಿ ಹಾಕುತ್ತೇವೆ. ರೊಟ್ಟಿಯೂ ಕಾದಿರುತ್ತದೆ, ಹಂಚೂ ಕಾದಿರುತ್ತದೆ. ರೊಟ್ಟಿ ಹಿಡಿದರೆ ಬೆರಳು ಚುರ್ ಎನ್ನುತ್ತದೆ, ಅಷ್ಟೇ. ಹಂಚಿಗೆ ತಾಗಿದರೆ ಗುಳ್ಳೆ ಏಳುತ್ತದೆ. ನಮ್ಮ ಅಜ್ಜಿ ಒಲೆಯಿಂದ ಹೊರಗೆ ಉರುಳಿದ ಕೆಂಡವನ್ನು ಎರಡು ಬೆರಳಲ್ಲಿ ಎತ್ತಿ ಪಟಕ್ಕನೆ ಒಳಗೆ ಹಾಕುತ್ತಿದ್ದಳು. ಕಟ್ಟಿಗೆಯ ಕೆಂಡ ಕಾವನ್ನು ನಿಧಾನ ಬಿಟ್ಟುಕೊಡುತ್ತದೆ. ಮೇಲೆ ಕೂತ ಬೂದಿ ಅದನ್ನು ಇನ್ನಷ್ಟು ತಡೆಯುತ್ತದೆ. ಸರಸರ ನಡೆದರೆ ಒಂದೊಂದು ಹೆಜ್ಜೆ ಕೆಂಡಕ್ಕೆ ತಾಗುವುದು ಒಂದು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಸುಡುವಷ್ಟು ಕಾವು ಅಂಗಾಲಿಗೆ ದಾಟುವುದಿಲ್ಲ. ನಿಧಾನ ಮಾಡಿದವರು, ಎಡವಿದವರು, ಬೆರಳ ಸಂದಿಯಲ್ಲಿ ಕೆಂಡ ಸಿಕ್ಕಿಸಿಕೊಂಡವರು ಚೆನ್ನಾಗಿಯೇ ಸುಟ್ಟುಕೊಳ್ಳುತ್ತಾರೆ. ಅಂಥವರನ್ನು ನೋಡಿದ್ದೇನೆ. ದಯವಿಟ್ಟು ಯಾರೂ ಪರೀಕ್ಷೆ ಮಾಡಲು ಹೋಗಬೇಡಿ.

ಇದನ್ನು ಪರೀಕ್ಷೆ ಮಾಡಿ ನೋಡಿದವರು ಇದ್ದಾರೆ. 1935ರ ಸೆಪ್ಟೆಂಬರಿನಲ್ಲಿ, ಲಂಡನ್ ಹತ್ತಿರದ ಒಂದು ಊರಲ್ಲಿ, ಕಾಶ್ಮೀರದ ಖುದಾ ಬಕ್ಷ್ ಎಂಬಾತ ಕೆಂಡ ಹಾಯ್ದ. ಹ್ಯಾರಿ ಪ್ರೈಸ್ ಎಂಬ ತನಿಖೆಗಾರ ಎಲ್ಲ ಏರ್ಪಾಡು ಮಾಡಿದ್ದ. ಮೊದಲು ಅಂಗಾಲು ಪರೀಕ್ಷಿಸಿದರು. ಏನೂ ಹಚ್ಚಿರಲಿಲ್ಲ. ನಡೆದ ಮೇಲೂ ನೋಡಿದರು. ಸುಟ್ಟಿರಲಿಲ್ಲ. ಎರಡು ವರ್ಷ ಬಿಟ್ಟು, 1937ರಲ್ಲಿ, ಯಾವ ವ್ರತ, ಉಪವಾಸವೂ ಇಲ್ಲದ ಇಂಗ್ಲಿಷ್ ಜನರೂ ನಡೆದು ತೋರಿಸಿದರು. ಅಂದರೆ ಅಲ್ಲಿ ಪವಾಡವೂ ಇಲ್ಲ, ಲೋಳೆಸರವೂ ಇಲ್ಲ. ಹುಡುಗಿಯ ಅಪ್ಪ ಯಾರಿಗೂ ಮೋಸ ಮಾಡುತ್ತಿರಲಿಲ್ಲ. ಅವರನ್ನು ಮೋಸಗಾರ ಅಂತ ಊರ ಮುಂದೆ ಕರೆದವರು ನಾವು.

ಮುಂದಿನ ಭಾನುವಾರದ ಸಭೆಗೆ ಹುಡುಗಿ ಬರಲಿಲ್ಲ. ಅವತ್ತು ನಾನು ಬಾಯಿ ಬಿಟ್ಟೆ. ಅವಳು ಹೇಳಿದ್ದೇ ಸರಿ, ಆ ಊರಿಗೆ ಮತ್ತೆ ಹೋಗಿ ತಪ್ಪಾಯಿತು ಅಂತ ಹೇಳೋಣ ಎಂದೆ. ಅಲ್ಲಿಂದ ಶುರುವಾಯಿತು. ಮೊದಲು ಮಾತು ಕೆಂಡದ ಮೇಲಿತ್ತು. ಹತ್ತು ನಿಮಿಷದಲ್ಲಿ ಕೆಂಡ ಬಿಟ್ಟು ಎಲ್ಲೆಲ್ಲೋ ಹೋಯಿತು. ನಮ್ಮ ಬಳಗದಲ್ಲಿ ಇದ್ದವರು 14 ಜನ. ಅಂಬೇಡ್ಕರ್ ಓದಿಕೊಂಡು ಬಂದವರಿದ್ದಾರೆ, ಕಾರ್ಮಿಕ ಸಂಘದಿಂದ ಬಂದವರಿದ್ದಾರೆ, ಶರಣರ ದಾರಿಯಲ್ಲಿ ನಡೆಯುವವರಿದ್ದಾರೆ, ನನ್ನ ಹಾಗೆ ಬರೀ ವಿಜ್ಞಾನದ ಪಾಠದಿಂದ ಬಂದವರಿದ್ದಾರೆ. ಅಷ್ಟು ವರ್ಷ ಒಟ್ಟಿಗೆ ಚುರುಮುರಿ, ಮಿರ್ಚಿ ತಿಂದವರು. ಅವತ್ತು ಒಬ್ಬೊಬ್ಬರೂ ಇನ್ನೊಬ್ಬರ ಹಳೆಯ ಲೆಕ್ಕ ತೆಗೆದರು. ಕಿರಾಣಿ ಅಂಗಡಿಯ ಅಣ್ಣ ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುತ್ತಾರೆ, ಅವರು ಹೇಗೆ ವಿಚಾರವಾದಿ? ವಕೀಲರು ಮಗಳ ಮದುವೆಗೆ ಮುಹೂರ್ತ ನೋಡಿಸಿದರಲ್ಲ? ಇಂಥವರು ಆ ಧರ್ಮದ ಮೂಢನಂಬಿಕೆ ಬಗ್ಗೆ ಮಾತಾಡುತ್ತಾರೆ, ಈ ಧರ್ಮದ್ದಕ್ಕೆ ಯಾಕೆ ಬಾಯಿ ಬಿಡುವುದಿಲ್ಲ? ಕೊನೆಗೆ ಒಬ್ಬರು ಎದ್ದು ನಿಂತು, "ದೇವ್ರು ಇಲ್ಲಂತ ಒಪ್ಪಿದವರಷ್ಟ ಇಲ್ಲಿ ಕೂಡ್ರಿ, ಉಳಿದವರು ಎದ್ದು ಹೋಗ್ರಿ" ಎಂದರು. ಐದು ಜನ ಎದ್ದು ಹೋದರು. ಕಿರಾಣಿ ಅಣ್ಣ ಹೋಗುವಾಗ ಬಾಗಿಲ ಹತ್ತಿರ ನಿಂತು ಎಲ್ಲರ ಚಹಾದ ಲೋಟ ಎತ್ತಿಟ್ಟು ಹೋದರು.

ಆ ಲೋಟಗಳನ್ನು ನೋಡುತ್ತಾ ನನಗೆ ಅಳು ಬಂತು.

ಇಂಥದ್ದು ನಮ್ಮಲ್ಲಿ ಮಾತ್ರ ಆಗಿದೆಯಾ ಎಂದು ಆಮೇಲೆ ಓದತೊಡಗಿದೆ. 1976ರಲ್ಲಿ ಅಮೆರಿಕದ ಬಫಲೋ ಊರಿನಲ್ಲಿ, ತತ್ವಶಾಸ್ತ್ರದ ಪ್ರೊಫೆಸರ್ ಪಾಲ್ ಕರ್ಟ್ಜ್ ಮುಂದಾಳತ್ವದಲ್ಲಿ, ಪವಾಡದಂಥ ಮಾತುಗಳನ್ನು ವಿಜ್ಞಾನದ ರೀತಿಯಲ್ಲಿ ಪರೀಕ್ಷಿಸುವ ಒಂದು ಸಮಿತಿ ಹುಟ್ಟಿತು. ಸೈಕಾಪ್ ಅಂತ ಅದರ ಚಿಕ್ಕ ಹೆಸರು. ಖಗೋಳವಿಜ್ಞಾನಿ ಕಾರ್ಲ್ ಸೇಗನ್, ವಿಜ್ಞಾನ ಲೇಖಕ ಐಸಾಕ್ ಅಸಿಮೋವ್, ಜಾದೂಗಾರ ಜೇಮ್ಸ್ ರ‍್ಯಾಂಡಿ ಅಂಥ ದೊಡ್ಡವರು ಸೇರಿದ್ದರು. ಹುಟ್ಟಿದ ಮರುವರ್ಷವೇ ಬಿರುಕು. ಸಮಾಜಶಾಸ್ತ್ರಜ್ಞ ಮಾರ್ಚೆಲೊ ಟ್ರೂಜಿ ಸಮಿತಿಯ ಪತ್ರಿಕೆಯ ಸಂಪಾದಕರಾಗಿದ್ದರು. ಪವಾಡ ನಂಬುವವರಿಗೂ ಪತ್ರಿಕೆಯಲ್ಲಿ ಜಾಗ ಕೊಟ್ಟು ವಾದ ಮಾಡೋಣ ಎನ್ನುವುದು ಅವರ ಅಭಿಪ್ರಾಯ. ಉಳಿದವರಿಗೆ ಅದು ಹಿಡಿಸಲಿಲ್ಲ. 1977ರಲ್ಲಿ ಟ್ರೂಜಿ ಹೊರಬಂದರು.

ಇದಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಮಂಗಳ ಗ್ರಹದ ಕಥೆ. ನಮ್ಮಲ್ಲಿ ಕುಜದೋಷ ಅಂತ ಹೆಣ್ಣುಮಕ್ಕಳ ಮದುವೆ ನಿಲ್ಲಿಸುತ್ತಾರಲ್ಲ, ಅದೇ ಮಂಗಳ. ಫ್ರಾನ್ಸಿನ ಮಿಶೆಲ್ ಗೋಕ್ಲಾನ್ ಎಂಬುವರು, ಹೆಸರುವಾಸಿ ಕ್ರೀಡಾಪಟುಗಳು ಹುಟ್ಟುವಾಗ ಮಂಗಳ ಆಕಾಶದ ಕೆಲವು ಜಾಗಗಳಲ್ಲಿ ಇರುವುದು ಜಾಸ್ತಿ ಎಂದು ಅಂಕಿ ಅಂಶ ತೋರಿಸಿದರು. ಕರ್ಟ್ಜ್ ಮತ್ತು ಜೊತೆಗಾರರು ಅದನ್ನು ಪರೀಕ್ಷೆಗೆ ಹಚ್ಚಿದರು. ಆ ಪರೀಕ್ಷೆಯಲ್ಲಿ ಲೆಕ್ಕ ತಪ್ಪಿದೆ, ಫಲಿತಾಂಶವನ್ನು ನೇರವಾಗಿ ಹೇಳುತ್ತಿಲ್ಲ ಎಂದು ಸಮಿತಿಯ ಒಳಗಿನವರೇ ಆದ ಡೆನಿಸ್ ರಾಲಿನ್ಸ್ ಹೇಳಿದರು. ಅವರು ಖಗೋಳ ಬಲ್ಲವರು. ಮಂಗಳನ ಪ್ರಭಾವವನ್ನು ನಂಬಿದವರೇನಲ್ಲ. ನಮ್ಮವರು ಲೆಕ್ಕ ಸರಿ ಮಾಡಲಿ ಎಂದಷ್ಟೇ ಕೇಳಿದ್ದು. ಅವರನ್ನು ಆಡಳಿತ ಮಂಡಳಿಯಿಂದ ಕೈಬಿಟ್ಟರು. 1981ರಲ್ಲಿ ಅವರು ಎಲ್ಲವನ್ನೂ ಹೊರಗಿನ ಒಂದು ಪತ್ರಿಕೆಯಲ್ಲಿ ಉದ್ದಕ್ಕೆ ಬರೆದರು. 1983ರಲ್ಲಿ ಪರೀಕ್ಷೆ ಮಾಡಿದವರೇ ತಮ್ಮಿಂದ ತಪ್ಪುಗಳಾಗಿವೆ ಎಂದು ಒಪ್ಪಿ ಬರೆದರು. 1996ರಲ್ಲಿ ಫ್ರಾನ್ಸಿನ ಒಂದು ಸಮಿತಿ ದೊಡ್ಡ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು, ಮಂಗಳನ ಪ್ರಭಾವ ಏನೂ ಕಾಣಲಿಲ್ಲ.

ನೋಡಿ, ಕೊನೆಗೆ ಸಮಿತಿಯ ತೀರ್ಮಾನವೇ ಸರಿಯಾಯಿತು. ಆದರೂ ನಡುವೆ ಒಬ್ಬ ನಿಷ್ಠಾವಂತನನ್ನು ಕಳೆದುಕೊಂಡರು, ಜ್ಯೋತಿಷಿಗಳು ಆಡಿಕೊಳ್ಳುವ ಹಾಗಾಯಿತು. ಓದುವಾಗ ನನಗೆ ಆ ಟಂಟಂನ ಕಿಟಕಿಯೇ ಕಣ್ಣ ಮುಂದೆ ಬರುತ್ತಿತ್ತು. ನಮ್ಮ ಹುಡುಗಿಯೂ ಪವಾಡ ನಂಬಿದವಳಲ್ಲ. ಕಾರಣ ಬೇರೆ ಇರಬೇಕು, ಅದನ್ನು ಹುಡುಕಿ ಎಂದಷ್ಟೇ ಅವಳು ಕೇಳಿದ್ದು.

ಗುಂಪು ಯಾವಾಗ ಒಡೆಯುತ್ತದೆ ಎಂದು ತುಂಬಾ ಯೋಚಿಸಿದ್ದೇನೆ. ಅಭಿಪ್ರಾಯ ಬೇರೆಯಾದ ದಿನ ಒಡೆಯುವುದಿಲ್ಲ. 14 ಜನಕ್ಕೆ 14 ಅಭಿಪ್ರಾಯ ಮೊದಲಿಂದಲೂ ಇತ್ತು. ನಮ್ಮ ಕಡೆಯವರು ಹೇಳಿದ್ದನ್ನು ಪರೀಕ್ಷೆ ಮಾಡುವುದು ಬಿಟ್ಟ ದಿನ ಒಡೆಯಲು ಶುರುವಾಗುತ್ತದೆ. ಬಾಬಾ ಹೇಳಿದರೆ ಸಾಕ್ಷಿ ಎಲ್ಲಿ ಅಂತ ಕೇಳುತ್ತೇವೆ. ಮಾಸ್ತರ ಹೇಳಿದರೆ ತಲೆ ಆಡಿಸುತ್ತೇವೆ. ಆಗ ಸಾಕ್ಷಿ ಕೇಳಿದವರು ಶತ್ರುವಿನ ಹಾಗೆ ಕಾಣುತ್ತಾರೆ. ಯಾರು ಯಾರ ಕಡೆ ಎನ್ನುವ ಎಣಿಕೆ ಅಲ್ಲಿಂದಲೇ.

ಅಮೆರಿಕದ ಆ ಸಮಿತಿ ಹುಟ್ಟಿದ ಅದೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರೂ ಒಂದು ಸಮಿತಿ ಮಾಡಿದ್ದರು. ಪವಾಡಗಳನ್ನು, ಪರೀಕ್ಷಿಸಿ ನೋಡಬಹುದಾದ ಇತರ ಮೂಢನಂಬಿಕೆಗಳನ್ನು ತನಿಖೆ ಮಾಡುವ ಸಮಿತಿ. ಆ ಹೆಸರಿನಲ್ಲಿರುವ 'ಪರೀಕ್ಷಿಸಿ ನೋಡಬಹುದಾದ' ಎನ್ನುವ ಮಾತು ನನಗೆ ತುಂಬಾ ಇಷ್ಟ. ಭೌತಶಾಸ್ತ್ರದ ಮೇಷ್ಟ್ರು ಅಲ್ವಾ, ಅಳತೆ ಮಾಡಿ ಹೆಸರಿಟ್ಟಿದ್ದಾರೆ. ನಿಂಬೆಹಣ್ಣಿನಿಂದ ರಕ್ತ ಬರುತ್ತದೆಯೇ, ಪರೀಕ್ಷಿಸಬಹುದು. ಗಾಳಿಯಿಂದ ವಿಭೂತಿ ಬರುತ್ತದೆಯೇ, ಪರೀಕ್ಷಿಸಬಹುದು. ಕಿರಾಣಿ ಅಣ್ಣ ಬೆಳಗ್ಗೆ ಎದ್ದು ಅಂಗೈಯಲ್ಲಿ ಲಿಂಗ ಹಿಡಿದು ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುತ್ತಾರೆ. ಅದರಿಂದ ರೋಗ ವಾಸಿಯಾಗುತ್ತದೆ ಅಂತ ಅವರು ಯಾರಿಗೂ ಹೇಳಿಲ್ಲ, ದುಡ್ಡು ಕೇಳಿಲ್ಲ. ಅಲ್ಲಿ ಪರೀಕ್ಷೆ ಮಾಡಲು ನಮಗೆ ಏನಿದೆ? ದೇವರ ಬಗ್ಗೆ ನನ್ನ ಅಭಿಪ್ರಾಯ ಬೇರೆ. ನಾನು ನಂಬುವುದಿಲ್ಲ, ಅದನ್ನು ಮುಚ್ಚಿಟ್ಟಿಲ್ಲ. ಆದರೆ ದೇವಿಯ ಹೆಸರಲ್ಲಿ ಬಾಲಕಿಗೆ ಮುತ್ತು ಕಟ್ಟಿ ದೇವದಾಸಿ ಮಾಡಲು ಹೊರಟ ಮನೆಯ ಬಾಗಿಲಲ್ಲಿ ರಾತ್ರಿ ಹನ್ನೊಂದಕ್ಕೆ ನನ್ನ ಜೊತೆ ನಿಂತವರು ಈ ಅಣ್ಣ. ದೇವರನ್ನು ನಂಬುವವರ ಮಾತೆಂದೇ ಆ ಮನೆಯವರು ಅವರ ಮಾತು ಕೇಳಿದರು. ನನ್ನನ್ನು ಒಳಗೂ ಬಿಟ್ಟಿರಲಿಲ್ಲ.

ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ ಮಾಡಿದ್ದೂ ಹೀಗೆಯೇ. ದೇವರನ್ನು ನಂಬುವವರನ್ನೂ ಜೊತೆಗೆ ಕರೆದುಕೊಂಡರು, ದೇವರ ಹೆಸರಲ್ಲಿ ಸುಲಿಯುವವರ ವಿರುದ್ಧ ನಿಂತರು. ನಾಸ್ತಿಕರಲ್ಲಿ ಎಷ್ಟೋ ಜನಕ್ಕೆ ಅದು ಸಾಲಲಿಲ್ಲ. ದಾಭೋಲ್ಕರ್ ಅವರ ಮೂಢನಂಬಿಕೆ ವಿರೋಧಿ ಸಮಿತಿ 1989ರಲ್ಲಿ ಶುರುವಾಗಿದ್ದೂ ಇನ್ನೊಂದು ಸಂಘಟನೆಯಿಂದ ಬೇರೆಯಾಗಿಯೇ. ಬೇರೆಯಾಗುವುದೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕೆಲಸದ ರೀತಿ ಹೊಂದದಿದ್ದರೆ ಬೇರೆ ಬೇರೆ ಕಡೆ ಕೆಲಸ ಮಾಡುವುದೇ ಮೇಲು. ಎದ್ದು ಹೋದವರನ್ನು ಹಾದಿಯಲ್ಲಿ ಕಂಡರೆ ಮಾತಾಡಿಸದಿರುವುದು, ಅವರು ಮಾಡಿದ ಒಳ್ಳೆಯ ಕೆಲಸಕ್ಕೂ ಹುಳುಕು ಹುಡುಕುವುದು, ಇದು ನನ್ನ ಹೊಟ್ಟೆ ಉರಿಸುತ್ತದೆ.

ಆಂಧ್ರದ ಗೋರಾ ನೆನಪಾಗುತ್ತಾರೆ. ಬಳ್ಳಾರಿಯ ತೆಲುಗು ಮನೆಗಳಲ್ಲಿ ಹಳಬರು ಅವರ ಹೆಸರು ಹೇಳುತ್ತಾರೆ. ಕಟ್ಟಾ ನಾಸ್ತಿಕ, 1940ರಲ್ಲಿ ನಾಸ್ತಿಕ ಕೇಂದ್ರ ಕಟ್ಟಿದವರು. ಅವರು ಮಾತಾಡಲು ಹೋದದ್ದು ರಾಮನಾಮ ಹೇಳುವ ಗಾಂಧೀಜಿಯ ಹತ್ತಿರ. ಇಬ್ಬರೂ ದೇವರ ವಿಷಯದಲ್ಲಿ ಒಂದು ಇಂಚು ಬಿಟ್ಟುಕೊಡಲಿಲ್ಲ. ಗೋರಾ ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಟ್ಟು ಮದುವೆ ಮಾಡಲು ಹೊರಟಾಗ, ಸೇವಾಗ್ರಾಮದಲ್ಲೇ ಮದುವೆ ಆಗಲಿ ಎಂದು ಗಾಂಧೀಜಿ ಒಪ್ಪಿದರು. ಮದುವೆಯ ಹೊತ್ತಿಗೆ ಅವರು ಉಳಿದಿರಲಿಲ್ಲ. 1948ರ ಮಾರ್ಚಿನಲ್ಲಿ ಅದೇ ಆಶ್ರಮದಲ್ಲಿ ಮದುವೆ ನಡೆಯಿತು.

ನನ್ನ ಮಾತಿಗೆ ಒಂದು ಗಟ್ಟಿ ಆಕ್ಷೇಪ ಇದೆ. ಮಾಸ್ತರ ಅದನ್ನೇ ಹೇಳಿದ್ದರು. "ಹೊರಗ ಗುಂಡು ಹಾರಾಕತ್ತಾವ, ಒಳಗ ನಾವು ತಪ್ಪು ಹುಡುಕ್ಕೋತ ಕುಂದ್ರೋದಾ?" ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಗುಂಡೇಟಿಗೆ ಬಲಿಯಾದವರ ಹೆಸರು ಕಣ್ಣ ಮುಂದಿವೆ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ದಾಭೋಲ್ಕರ್. 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ. ಅದೇ ವರ್ಷ ಆಗಸ್ಟ್ 30ರಂದು ಧಾರವಾಡದಲ್ಲಿ, ಮನೆ ಬಾಗಿಲಲ್ಲೇ, ಎಂ. ಎಂ. ಕಲಬುರ್ಗಿ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಕಲಬುರ್ಗಿ ಸರ್ ಸುದ್ದಿ ಬಂದ ಭಾನುವಾರ ನಾವು ಹದಿನಾಲ್ಕೂ ಜನ ಒಂದೇ ಕೋಣೆಯಲ್ಲಿ ಮಾತಿಲ್ಲದೆ ಕೂತಿದ್ದೆವು. ಭಯ ಇದ್ದಾಗ ಒಬ್ಬರಿಗೊಬ್ಬರು ಅಂಟಿಕೊಳ್ಳುತ್ತೇವೆ. ಎದುರು ಮಾತಾಡಿದವರು ಬೆನ್ನಿಗೆ ಚೂರಿ ಹಾಕಿದ ಹಾಗೆ ಅನ್ನಿಸುತ್ತದೆ. ಅದು ಸಹಜ. ಆದರೆ ಕೆಂಡದ ಬಗ್ಗೆ ನಾವು ತಪ್ಪು ಹೇಳಿದ್ದನ್ನು ಆ ಕಟ್ಟೆಯ ಮೇಲಿದ್ದವರೆಲ್ಲ ಕೇಳಿದ್ದಾರೆ. ಅವರಲ್ಲಿ ಅರ್ಧ ಜನ ಸ್ವತಃ ಕೆಂಡ ಹಾಯ್ದವರು. ನಾಳೆ ಅದೇ ಊರಿನಲ್ಲಿ ಹಾವು ಕಚ್ಚಿದವರನ್ನು ಮಂತ್ರ ಹಾಕಿಸಲು ಒಯ್ಯಬೇಡಿ, ಆಸ್ಪತ್ರೆಗೆ ಒಯ್ಯಿರಿ ಅಂತ ನಾವು ಹೇಳಿದರೆ, "ಲೋಳೆಸರದ ಮಂದಿ ಬಂದ್ರು" ಎನ್ನುತ್ತಾರೆ. ಅಲ್ಲಿ ಒಂದು ಜೀವ ಹೋಗುತ್ತದೆ.

ಕೆಲಸ ಎಷ್ಟಿದೆ ಅಂತ ನೆನೆದರೆ ಈ ಜಗಳಕ್ಕೆ ಸಮಯ ಎಲ್ಲಿಂದ ಬಂತು ಅನ್ನಿಸುತ್ತದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ, ನಮ್ಮ ಭಾಗದ್ದೇ ಆದ ಕಲಬುರಗಿ ಜಿಲ್ಲೆಯಲ್ಲಿ, ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು. ಗ್ರಹಣ ಮುಗಿಯುವಷ್ಟರಲ್ಲಿ ಕೈಕಾಲು ಸರಿ ಹೋಗುತ್ತದೆ ಎನ್ನುವ ನಂಬಿಕೆ. 2017ರಲ್ಲಿ ಪಾಸಾದ ನಮ್ಮ ರಾಜ್ಯದ ಮೌಢ್ಯ ತಡೆ ಕಾನೂನು 2020ರಲ್ಲಿ ಜಾರಿಗೆ ಬಂತು. ಕಾನೂನು ಕಾಗದದ ಮೇಲಿದೆ. ಮುಂದಿನ ಗ್ರಹಣದ ದಿನ ಆ ತಾಯಂದಿರ ಪಕ್ಕದಲ್ಲಿ ಕೂತು ಮಾತಾಡಲು ಜನ ಬೇಕು. ದೇವರು ಇಲ್ಲ ಎಂದವರೂ ಬೇಕು, ಇದ್ದಾನೆ ಎಂದವರೂ ಬೇಕು. ಆ ತಾಯಿಗೆ ನಮ್ಮ ಸಭೆಯ ಠರಾವಿನಿಂದ ಏನಾಗಬೇಕು?

ಗ್ರಹಣ ಅಂದಾಗ ಮಾಸ್ತರ ಬಗ್ಗೆ ಹೇಳಲೇಬೇಕು. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ರಾಯಚೂರು ಜಿಲ್ಲೆಯ ಮೇಲೆಯೇ ಹಾದು ಹೋಯಿತು. ಸಿಂಧನೂರು ಹತ್ತಿರದ ಜವಳಗೇರಾದಲ್ಲಿ ವಿಜ್ಞಾನಿಗಳು ದೂರದರ್ಶಕ ಹೂಡಿದ್ದರು. ಊರೂರಲ್ಲಿ ಜನ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ಆಗ 22 ವರ್ಷದ ಹುಡುಗ ನಮ್ಮ ಮಾಸ್ತರ. ಮನೆಯವರ ಕಣ್ಣು ತಪ್ಪಿಸಿ ಸೈಕಲ್ ಹೊಡೆದುಕೊಂಡು ಅಲ್ಲಿಗೆ ಹೋಗಿದ್ದರು. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಕತ್ತಲಾಯಿತು, ಹಕ್ಕಿಗಳು ಗೂಡಿಗೆ ಹೊರಟವು, ನಕ್ಷತ್ರ ಕಂಡವು. "ಎಳ್ಳಷ್ಟೂ ಏನೂ ಆಗ್ಲಿಲ್ಲ ಟೀಚರ್, ಬರೀ ಚಂದ ಇತ್ತು" ಎಂದು ಇವತ್ತಿಗೂ ಹೇಳುವಾಗ ಅವರ ಕಣ್ಣು ತುಂಬುತ್ತವೆ. ಮನೆಗೆ ಬಂದರೆ ತಾಯಿ ಮೂರು ದಿನ ಮಾತಾಡಲಿಲ್ಲವಂತೆ. ಅಲ್ಲಿಂದ ಶುರುವಾದ ಕೆಲಸ ಇನ್ನೂ ನಿಂತಿಲ್ಲ. ಎಷ್ಟು ಬಾಲ್ಯವಿವಾಹ ನಿಲ್ಲಿಸಿದ್ದಾರೋ ಲೆಕ್ಕವಿಲ್ಲ. ಅವರು ಒಂದು ಮಾತು ತಪ್ಪಾಡಿದರು. ಆ ಒಂದು ಮಾತಿಗಾಗಿ ನಾನು ಅವರನ್ನು ಬಿಟ್ಟುಕೊಡಲಾರೆ. ಅವರ ಮೇಲಿನ ಗೌರವಕ್ಕೆ ಹುಡುಗಿಯನ್ನೂ ಬಿಟ್ಟುಕೊಡಲಾರೆ.

ಒಂದು ದಿನ ಸಂಜೆ ಪಾಲ್ಕಿಗುಂಡು ಹತ್ತಿದೆ. ಕೊಪ್ಪಳದವರಿಗೆ ಗೊತ್ತು, ಎರಡು ಬಂಡೆಯ ಮೇಲೆ ಅಡ್ಡ ಇಟ್ಟ ಹಾಸುಬಂಡೆ, ಪಲ್ಲಕ್ಕಿಯ ಹಾಗೆ. ಅಲ್ಲಿ ಅಶೋಕನ ಶಾಸನ ಇದೆ, ಗವಿಮಠದ ಹತ್ತಿರ ಇನ್ನೊಂದು. ನಾನು ಹುಡುಕುತ್ತಿದ್ದ ಮಾತು ಈ ಎರಡರಲ್ಲೂ ಇಲ್ಲ. ಅದು ಅಶೋಕನ 12ನೇ ಬಂಡೆ ಶಾಸನದಲ್ಲಿದೆ. ನಮ್ಮ ರಾಜ್ಯದಲ್ಲಿ ಅದು ಸಿಕ್ಕಿದ್ದು ಭೀಮಾ ತೀರದ ಸನ್ನತಿಯಲ್ಲಿ. ತನ್ನ ಪಂಥವನ್ನೇ ಹೊಗಳುವುದು, ಬೇರೆಯವರ ಪಂಥವನ್ನು ಸುಮ್ಮಸುಮ್ಮನೆ ತೆಗಳುವುದು ಬೇಡ ಎನ್ನುತ್ತದೆ. ಹಾಗೆ ಮಾಡುವವನು ತನ್ನ ಪಂಥಕ್ಕೇ ಪೆಟ್ಟು ಕೊಡುತ್ತಾನೆ ಎನ್ನುತ್ತದೆ. ಅದಕ್ಕೆ ಬಳಸಿದ ಪದ 'ವಚಿಗುತಿ', ಅಂದರೆ ಮಾತನ್ನು ಕಾಯ್ದುಕೊಳ್ಳುವುದು. ಸನ್ನತಿಯ ಆ ಕಲ್ಲಿನ ಕಥೆ ಕೇಳಿ. ಚಂದ್ರಲಾಂಬಾ ಗುಡಿಯ ಆವರಣದಲ್ಲಿರುವ ಕಾಳಿಕಾ ಗುಡಿಯಲ್ಲಿ ಅದನ್ನು ಮೂರ್ತಿಯ ಪೀಠ ಮಾಡಿದ್ದರು. ಮೂರ್ತಿ ನಿಲ್ಲಿಸಲು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಆ ಗುಡಿಯ ಮಾಡು ಕುಸಿದ ಮೇಲೆ ಅಕ್ಷರ ಇರುವುದು ಗೊತ್ತಾಯಿತು. ಬೇರೆಯವರ ಮಾತು ಕೇಳಿ ಎಂದು ಹೇಳುವ ಕಲ್ಲು ಅಷ್ಟು ಕಾಲ ಯಾರ ಕಿವಿಗೂ ಬೀಳದೆ ಪೀಠದ ಕೆಲಸ ಮಾಡಿದೆ.

ಮರುದಿನ ಮಾಸ್ತರ ಮನೆಗೆ ಹೋದೆ. ವಾದ ಮಾಡಲಿಲ್ಲ. ಅಡುಗೆಮನೆಯಲ್ಲಿ ಅವರ ಹೆಂಡತಿ ರೊಟ್ಟಿ ಬಡಿಯುತ್ತಿದ್ದರು. "ಮಾಸ್ತರ, ಸ್ವಲ್ಪ ಇಲ್ಲಿ ಬರ್ರಿ" ಎಂದು ಕರೆದೆ. ಅಕ್ಕ ಹಂಚಿನ ಮೇಲಿನ ರೊಟ್ಟಿಯನ್ನು ಬೆರಳಲ್ಲಿ ಎತ್ತಿ ಕೆಂಡದ ಪಕ್ಕ ಒರಗಿಸಿದರು. "ಅಕ್ಕಾರ, ಕೈಗೆ ಏನು ಹಚ್ಕೊಂಡೀರಿ?" ಎಂದು ಕೇಳಿದೆ. "ಹಿಟ್ಟು" ಎಂದರು ಅಕ್ಕ. ಮಾಸ್ತರ ಬಹಳ ಹೊತ್ತು ಒಲೆಯನ್ನೇ ನೋಡುತ್ತಾ ನಿಂತರು. ಊಟ ಆಗುವ ತನಕ ಆ ವಿಷಯ ಎತ್ತಲಿಲ್ಲ. ನಾನು ಚಪ್ಪಲಿ ಹಾಕಿಕೊಳ್ಳುವಾಗ, "ಆ ಹುಡುಗಿ ನಂಬರ್ ಐತೇನು?" ಎಂದು ಕೇಳಿದರು.

ಎದ್ದು ಹೋದ ಐವರಲ್ಲಿ ಮೂವರು ಇನ್ನೂ ಬಂದಿಲ್ಲ. ಬರುವುದೂ ಅನುಮಾನ. ಒಬ್ಬರಂತೂ ನನ್ನ ಫೋನ್ ಎತ್ತುವುದಿಲ್ಲ. ಕಿರಾಣಿ ಅಣ್ಣ ಬಂದಿದ್ದಾರೆ. ಲಿಂಗ ಕೊರಳಲ್ಲೇ ಇದೆ.

ಈ ಸಲದ ಮೊಹರಂಗೆ ಹುಡುಗಿ ನಮ್ಮನ್ನು ಅವರ ಊರಿಗೆ ಕರೆದಿದ್ದಳು. ನಾಲ್ಕು ಜನ ಹೋದೆವು. ಕುಣಿಯ ಬೆಂಕಿ ಇಳಿದು ಕೆಂಡ ಹರಡುವ ಹೊತ್ತಿಗೆ ರಾತ್ರಿ ಬಹಳ ಆಗಿತ್ತು. ಅವರಪ್ಪ ಮನೆ ಮುಂದಿನ ಕಲ್ಲಿನ ಮೇಲೆ ಕೂತರು. ಅವಳು ಚೊಂಬಿನಿಂದ ನೀರು ಹಾಕಿದಳು. ಮಾಸ್ತರ ಕೈ ಮುಗಿದು, "ಸ್ವಲ್ಪ ನೋಡ್ಲೇನ್ರೀ?" ಎಂದು ಕೇಳಿದರು. ಅವರು ಸಂಕೋಚದಿಂದ ಕಾಲು ಮುಂದೆ ಚಾಚಿದರು. ಮಾಸ್ತರ ಮಣ್ಣಲ್ಲಿ ಮೊಣಕಾಲೂರಿ ಕೂತು, ಆ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಮೊಬೈಲ್ ಟಾರ್ಚ್ ಹಿಡಿದು, ಅಂಗಾಲಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು. ಹೊಲದಲ್ಲಿ ನಡೆದು ಗಟ್ಟಿಯಾದ ಹಿಮ್ಮಡಿ, ಎರಡು ಬಿರುಕು. ಇನ್ನೊಂದು ಕಾಲನ್ನೂ ನೋಡಿದರು. ಆಮೇಲೆ ಜೇಬಿನಿಂದ ಚಿಕ್ಕ ನೋಟ್‌ಬುಕ್ ತೆಗೆದು, ತಾರೀಖು, ಗಂಟೆ ಹಾಕಿ, ಬರೆಯುತ್ತಾ ಜೋರಾಗಿ ಓದಿದರು.

"ಏನೂ ಹಚ್ಚಿಲ್ಲ."